ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದರೆ ಮನುಷ್ಯರ ಕಾಯಿಲೆ ಹೇಗೆ ಅರ್ಥವಾಗುತ್ತದೆ?

ದೇಹದ ಒಳಗಿನ ಕೆಲಸ ಪ್ರಾಣಿಗಳಲ್ಲೂ ನಮ್ಮಲ್ಲೂ ಬಹುಪಾಲು ಒಂದೇ ಥರ ನಡೆಯುತ್ತದೆ, ಅದಕ್ಕೇ. ಸಕ್ಕರೆ ಕಾಯಿಲೆಯನ್ನೇ ನೋಡಿ.

1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವೈದ್ಯರು ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು (ಕರುಳಿಗೆ ಜೀರ್ಣರಸ ಕೊಡುವ ಗ್ರಂಥಿ) ಪೂರ್ತಿ ತೆಗೆದರು. ಅವರಿಗೆ ಬೇಕಿದ್ದದ್ದು ಕೊಬ್ಬು ಜೀರ್ಣವಾಗುವ ಬಗೆ. ಆದರೆ ನಾಯಿ ಪದೇ ಪದೇ ಮೂತ್ರ ಮಾಡತೊಡಗಿತು. ಮೂತ್ರ ಪರೀಕ್ಷಿಸಿದರೆ ತುಂಬ ಸಕ್ಕರೆ! ಹಾಗಾದರೆ ಕಾರಣ ಜೀರ್ಣರಸ ಇಲ್ಲದ್ದೋ, ಬೇರೇನಾದರೂ ಇದೆಯೋ? ಮುಂದೆ ಬೇರೆ ನಾಯಿಗಳಲ್ಲಿ ಗ್ರಂಥಿಯ ಒಂದು ತುಂಡನ್ನು ಚರ್ಮದ ಕೆಳಗೆ ಕೂರಿಸಿ, ಉಳಿದದ್ದನ್ನು ತೆಗೆದು ನೋಡಿದರು. ಅದರ ರಸ ಕರುಳಿಗೆ ಹೋಗುವಂತಿರಲಿಲ್ಲ. ಆದರೂ ಕಾಯಿಲೆ ಬರಲಿಲ್ಲ. ತುಂಡು ತೆಗೆದ ಮೇಲೆ ಬಂತು. ಅಂದರೆ ಗ್ರಂಥಿ ರಕ್ತಕ್ಕೇ ಏನನ್ನೋ ಬಿಡುತ್ತಿದೆ ಅಂತಾಯಿತು, ಅಲ್ವಾ? ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಸುಮ್ನೆ ರೋಗಿಯನ್ನು ನೋಡುತ್ತಾ ಕೂತಿದ್ದರೆ ಇದು ತಿಳಿಯುತ್ತಿರಲಿಲ್ಲ.

ಆ ‘ಏನೋ’ ಇನ್ಸುಲಿನ್. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಗ್ರಂಥಿಯ ಸಾರ ಚುಚ್ಚಿದಾಗ ನಾಯಿಗಳ ರಕ್ತದ ಸಕ್ಕರೆ ಇಳಿಯಿತು. 1922ರ ಜನವರಿಯಲ್ಲಿ, ಶುದ್ಧಗೊಳಿಸಿದ ಸಾರದಿಂದ ಸಾವಿನಂಚಿನಲ್ಲಿದ್ದ 14 ವರ್ಷದ ಹುಡುಗ ಚೇತರಿಸಿಕೊಂಡ. ಆಮೇಲೆ ದಶಕಗಟ್ಟಲೆ ಹಂದಿ, ದನಗಳ ಇನ್ಸುಲಿನ್ನೇ ಜನರ ಜೀವ ಉಳಿಸಿತು. ಹಂದಿಯದಕ್ಕೂ ನಮ್ಮದಕ್ಕೂ ಒಂದೇ ಒಂದು ಅಮೈನೋ ಆಮ್ಲದ (ಪ್ರೋಟೀನನ್ನು ಕಟ್ಟುವ ಬಿಡಿ ಘಟಕ) ವ್ಯತ್ಯಾಸ.

ಆ ನಾಯಿಗಳು ಪಟ್ಟ ನೋವು ಸಣ್ಣದಲ್ಲ. ಪ್ರಾಣಿಯಲ್ಲಿ ಕಂಡದ್ದೆಲ್ಲ ನಮಗೆ ಹೊಂದುವುದೂ ಇಲ್ಲ. ಟೈಪ್ 1 ಸಕ್ಕರೆ ಕಾಯಿಲೆ (ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಲ್ಲುವ ಬಗೆ) ತಾನಾಗೇ ಬರುವ ಒಂದು ತಳಿಯ ಇಲಿಗಳಿವೆ. ಅವುಗಳಲ್ಲಿ ಕಾಯಿಲೆ ತಡೆದ ಎಷ್ಟೋ ಚಿಕಿತ್ಸೆಗಳು ಮನುಷ್ಯರಲ್ಲಿ ಫಲ ಕೊಡಲಿಲ್ಲ.