ಅಧ್ಯಾಪಕರ ಪಾಠದ ಮೇಲೆ ದೂರು ಬಂದಾಗ ಎರಡೂ ಕಡೆಗೆ ಸಮನಾದ ಸುದ್ದಿ ಬರೆಯೋದು ಹೇಗೆ?

ಚಿಕ್ಕಮಗಳೂರಿನಲ್ಲಿ ಹೊಸದಾಗಿ ಸುದ್ದಿಗಾರನಾಗಿದ್ದೀನಿ ಅಂದಿದ್ದೀರಿ. ಕೈಯಲ್ಲಿ ಒಂದು ಮನವಿ ಪತ್ರ, ಪ್ರಾಂಶುಪಾಲರ ಎರಡು ಸಾಲು, ಆ ಕಡೆ ಸುದ್ದಿ ತಿದ್ದಿ ಪುಟಕ್ಕೆ ಹಾಕೋ ಡೆಸ್ಕಿನವರ ಫೋನು. ಇಷ್ಟೇ ಅಲ್ವಾ? ನನ್ನ ಹತ್ತಿರವೂ ಇಷ್ಟೇ ಇತ್ತು.

2014, ಹಾಸನ. ಪತ್ರಿಕೆಯೊಂದಕ್ಕೆ ಬಿಡಿ ಸುದ್ದಿಗಾರನಾಗಿದ್ದೆ. ಎನ್.ಆರ್. ವೃತ್ತದಲ್ಲಿ ಹದಿನೈದು ಹುಡುಗರು ಘೋಷಣೆ ಕೂಗಿ ನನ್ನ ಕೈಗೊಂದು ಮನವಿ ಕೊಟ್ಟು ಹೋದರು. ಪದವಿ ಕಾಲೇಜೊಂದರ ಇತಿಹಾಸದ ಅತಿಥಿ ಉಪನ್ಯಾಸಕಿ ತರಗತಿಯಲ್ಲಿ ವಿಷ್ಣುವರ್ಧನನಿಗೆ ಅವಮಾನ ಮಾಡಿದ್ದಾರೆ, ಕ್ರಮ ಆಗಬೇಕು ಅಂತ ಅದರಲ್ಲಿತ್ತು. (ಹೊಯ್ಸಳ ದೊರೆ. ಸಿನಿಮಾದವರಲ್ಲ.)

ಹುಡುಗರ ಮಾತು ಹಾಕಿದೆ. "ಪರಿಶೀಲಿಸುತ್ತೇವೆ" ಅಂದ ಪ್ರಾಂಶುಪಾಲರ ಮಾತು ಹಾಕಿದೆ. ಆರೂ ನಲವತ್ತಕ್ಕೆ ಆ ಮೇಡಂಗೆ ಒಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. "ಪ್ರತಿಕ್ರಿಯೆಗೆ ಉಪನ್ಯಾಸಕಿ ಸಿಗಲಿಲ್ಲ" ಅಂತ ಬರೆದು ಮುಗಿಸಿದೆ.

ಏಳೂ ಕಾಲಿಗೆ ಅವರೇ ಫೋನ್ ಮಾಡಿದರು. ಪುಟ ಮುಗಿಯೋದು ಎಂಟಕ್ಕೆ. ಮುಕ್ಕಾಲು ಗಂಟೆ ಇತ್ತು. ಫೋನು ಮೇಜಿನ ಮೇಲೆ ಗುರ್ ಗುರ್ ಅಂತ ಅಲುಗಾಡ್ತಾ ಇತ್ತು, ನಾನು ನೋಡ್ತಾ ಕೂತಿದ್ದೆ. ಟೈಪ್ ಮಾಡ್ತಿದ್ದೆ, ಕೈ ಬಿಡುವಿರಲಿಲ್ಲ ಅಂತ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಸುಳ್ಳು. ಅವರು ಏನಾದರೂ ಸರಿಯಾಗಿ ಹೇಳಿಬಿಟ್ಟರೆ ಸುದ್ದಿ ತೆಳ್ಳಗಾಗುತ್ತೆ, ಡಬಲ್ ಕಾಲಂ ಹೋಗಿ ಸಿಂಗಲ್ ಆಗುತ್ತೆ ಅನ್ನೋ ಭಯ ಅದು. ನನಗೆ ದುಡ್ಡು ಬರ್ತಿದ್ದದ್ದು ಕಾಲಂ ಲೆಕ್ಕದಲ್ಲಿ. ಮೊದಲ ಫೋನು ಅವರು ಎತ್ತದೇ ಇದ್ದಾಗ ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ಅಲ್ಲೇ ತಪ್ಪು ಶುರುವಾಗಿದ್ದು. ಎರಡನೇ ಸಲ ಮಾಡಲಿಲ್ಲ, ಮೆಸೇಜ್ ಹಾಕಲಿಲ್ಲ, ಅವರದೇ ಫೋನ್ ಬಂದಾಗ ಎತ್ತಲಿಲ್ಲ, ಎಂಟರೊಳಗೆ "ಸಿಗಲಿಲ್ಲ" ಅನ್ನೋ ಸಾಲು ತೆಗೆಸಲೂ ಇಲ್ಲ. ನಾನು ಫೋನ್ ಮಾಡಿದಾಗ ಅವರು ಬೇಲೂರು ಬಸ್ಸಿನಲ್ಲಿದ್ದರಂತೆ. ಸಿಗ್ನಲ್ ಇರಲಿಲ್ಲ.

ಅವರು ಪಾಠದಲ್ಲಿ ಹೇಳಿದ್ದೇನು ಅಂತ ಗೊತ್ತಾಗಿದ್ದು ಮೂರು ತಿಂಗಳ ಮೇಲೆ, ಒಬ್ಬ ವಿದ್ಯಾರ್ಥಿನಿಯ ನೋಟ್ಸ್ ನೋಡಿ. ಜೈನನಾಗಿದ್ದ ಬಿಟ್ಟಿದೇವ (ವಿಷ್ಣುವರ್ಧನನ ಮೊದಲ ಹೆಸರು) ರಾಮಾನುಜರಿಂದ ವೈಷ್ಣವನಾದ ಅನ್ನೋ ಕತೆ ನಮಗೆಲ್ಲ ಗೊತ್ತು. ಮೇಡಂ ಕೇಳಿದ್ದು, ಹಾಗಾದ ಮೇಲೆ ಜೈನ ಬಸದಿಗಳನ್ನು ಕೈಬಿಟ್ಟನಾ ಅಂತ. ಅವನು ಬೇಲೂರಿನಲ್ಲಿ ಕಟ್ಟಿಸಿದ ವಿಷ್ಣುವಿನ ಗುಡಿ 1117ರದು. ಅದಾದ ಮೇಲೂ ಅವನ ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು, ಕೊನೆವರೆಗೂ ಜೈನಳಾಗಿಯೇ ಇದ್ದಳು. 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಪ್ರಸಾದ ಬಂದಾಗ ದೊರೆ ಅದನ್ನು ಭಕ್ತಿಯಿಂದ ತಗೊಂಡು ಆ ದೇವರಿಗೆ ವಿಜಯ ಪಾರ್ಶ್ವ, ಆಗಷ್ಟೇ ಹುಟ್ಟಿದ ಮಗನಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟ. ಇದು ಅಲ್ಲಿನ ಶಾಸನದಲ್ಲೇ ಇದೆ. ಇದರಲ್ಲಿ ಅವಮಾನ ಎಲ್ಲಿದೆ ಹೇಳಿ. ನನ್ನ ಸುದ್ದಿಯಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ.

ಅವರನ್ನು ಯಾರೂ ವಜಾ ಮಾಡಲಿಲ್ಲ. ಮುಂದಿನ ಸೆಮಿಸ್ಟರಿಗೆ ಕಾರ್ಯಭಾರ, ಅಂದ್ರೆ ಪಾಠದ ತರಗತಿಗಳನ್ನು, ಕೊಡಲಿಲ್ಲ, ಅಷ್ಟೇ. ನೋಟಿಸ್ ಇಲ್ಲ, ಆದೇಶ ಇಲ್ಲ, ಪ್ರೆಸ್ ನೋಟ್ ಇಲ್ಲ. ಹಾಗಾಗಿ ಸುದ್ದಿಯೂ ಇಲ್ಲ. ನಾವು ವೃತ್ತದಲ್ಲಿ ಕೂಗಿದ್ದನ್ನು ಬರೀತೀವಿ. ಸ್ಟಾಫ್ ರೂಮಿನಲ್ಲಿ ಸದ್ದಿಲ್ಲದೆ ಆಗೋದು ನಮ್ಮ ಕಣ್ಣಿಗೇ ಬೀಳಲ್ಲ.

ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಎರಡು ಹೇಳಿಕೆ ಅಕ್ಕಪಕ್ಕ ಇಟ್ಟರೆ ಸಮ ಆಗಲ್ಲ. ಒಬ್ಬರು ಶಾಸನ ಓದಿದ್ದಾರೆ, ಇನ್ನೊಬ್ಬರಿಗೆ ಸಿಟ್ಟು ಬಂದಿದೆ. ಇವೆರಡೂ ಒಂದೇ ತೂಕನಾ? ಇದನ್ನು ಸುಮ್ನೆ "ವಾಕ್ ಸ್ವಾತಂತ್ರ್ಯ" ಅಂತಲೂ ಬರೀಬೇಡಿ. ನಮ್ಮ ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರ ಮಾತಿಗೂ ಸೇರಿದ್ದು, ಪಾಠ ಮಾಡೋರಿಗೆ ಅಂತ ಬೇರೆ ಸಾಲಿಲ್ಲ. ಪಾಠ ಮಾಡೋರ ಶೈಕ್ಷಣಿಕ ಸ್ವಾತಂತ್ರ್ಯ ಅಂದ್ರೆ ಏನು ಅಂತ ಯುನೆಸ್ಕೊ 1997ರ ಶಿಫಾರಸಿನಲ್ಲಿ ಬಿಡಿಸಿ ಹೇಳಿದೆ: ಕಲಿಸೋದು, ಚರ್ಚೆ ಮಾಡೋದು, ಸಂಶೋಧನೆ ಮಾಡಿ ಪ್ರಕಟಿಸೋದು, ತಾನು ಕೆಲಸ ಮಾಡೋ ಸಂಸ್ಥೆ ಬಗ್ಗೆಯೇ ಅಭಿಪ್ರಾಯ ಹೇಳೋದು.

ದೊಡ್ಡ ಊರಿನ ಮಾಧ್ಯಮಗಳೂ ಏನೂ ಜಾಸ್ತಿ ಬೇರೆ ಅಲ್ಲ. 2023ರಲ್ಲಿ ಅಶೋಕ ವಿಶ್ವವಿದ್ಯಾಲಯದ ಸಬ್ಯಸಾಚಿ ದಾಸ್ 2019ರ ಲೋಕಸಭಾ ಚುನಾವಣೆಯ ಬಗ್ಗೆ ಪ್ರಬಂಧ ಬರೆದು, ಗಲಾಟೆಯಾಗಿ ರಾಜೀನಾಮೆ ಕೊಟ್ಟರಲ್ಲ, ಆಗ ನಾನು ನೋಡಿದ ಟೀವಿ ಚರ್ಚೆಗಳಲ್ಲಿ ಯಾರು ಯಾರಿಗೆ ಬೈದರು ಅನ್ನೋದೇ ಇತ್ತು. ಹತ್ತಿರದ ಪೈಪೋಟಿ ಇದ್ದ ಕ್ಷೇತ್ರಗಳ ಲೆಕ್ಕ ಅವರು ಹೇಗೆ ಹಾಕಿದ್ದರು, ಅದು ಸರಿಯಾ ತಪ್ಪಾ, ಅಲ್ಲಿ ಯಾರೂ ಕೇಳಲಿಲ್ಲ.

ನನಗೇನಾಯ್ತು ಅಂದ್ರೆ, ಕಾಲೇಜಿನವರು ನನ್ನ ಫೋನ್ ಎತ್ತೋದು ನಿಲ್ಲಿಸಿದರು. "ನೀವೇ ಅಲ್ವಾ ಸಿಗಲಿಲ್ಲ ಅಂತ ಬರೆಯೋರು" ಅಂದರು ಒಬ್ಬ ಮೇಷ್ಟ್ರು, ಎಲ್ಲರೆದುರಿಗೇ. ಒಂದೂವರೆ ವರ್ಷಕ್ಕೆ ಆ ಕೆಲಸ ಬಿಟ್ಟೆ.

ನೀವು ಇವತ್ತು ಸುದ್ದಿ ಕಳಿಸಬೇಡಿ. ಬೇರೆ ಪತ್ರಿಕೆಯಲ್ಲಿ ಮೊದಲು ಬಂದರೆ ಬರಲಿ, ಡೆಸ್ಕಿನವರು ಬೈದರೆ ಬೈಸ್ಕೊಳ್ಳಿ. ಬೆಳಿಗ್ಗೆ ಕಾಲೇಜಿಗೆ ಹೋಗಿ ಆ ವಿಷಯದ ಪಠ್ಯಕ್ರಮ ಕೇಳಿ ಜೆರಾಕ್ಸ್ ಮಾಡಿಸಿ. ಆ ತರಗತಿಯಲ್ಲಿ ಕೂತಿದ್ದ ಮೂವರ ನೋಟ್ಸ್ ನೋಡಿ, ಘೋಷಣೆ ಕೂಗಿದವರದ್ದೂ ಒಂದಿರಲಿ. ಆ ಅಧ್ಯಾಪಕರು ಕಾಯಮ್ಮಾ, ಅತಿಥಿಯಾ ಕೇಳಿ ಬರ್ಕೊಳ್ಳಿ, ಮುಂದಿನ ಸೆಮಿಸ್ಟರ್ ಶುರುವಾದಾಗ ಮತ್ತೆ ಹೋಗಿ ವೇಳಾಪಟ್ಟಿಯಲ್ಲಿ ಅವರ ಹೆಸರಿದೆಯಾ ನೋಡಿ. ಅಲ್ಲಿವರೆಗೆ ಅವರ ಫೋನ್ ಬಂದರೆ, ಊಟಕ್ಕೆ ಕೂತಿದ್ದರೂ ಎತ್ತಿ.