ದಟ್ಟ ಕೂದಲಿಗೆ ಥಿನ್ನಿಂಗ್ ಮಾಡಿಸಲಾ?

ಪ್ರಶ್ನೆ: ನನ್ನ ಕೂದಲು ತುಂಬಾ ದಟ್ಟ. ರಬ್ಬರ್ ಬ್ಯಾಂಡ್ ಎರಡೇ ಸುತ್ತಿಗೆ ಪಟ್ ಅನ್ನುತ್ತದೆ. ಮಂಗಳೂರಿನ ಸೆಕೆಗೆ ಮಧ್ಯಾಹ್ನದೊಳಗೆ ಉಬ್ಬಿ ನಿಲ್ಲುತ್ತದೆ. ಪಾರ್ಲರ್‌ನಲ್ಲಿ ಥಿನ್ನಿಂಗ್ (ನಡುನಡುವೆ ಕತ್ತರಿಸಿ ದಟ್ಟಣೆ ಇಳಿಸುವುದು) ಮಾಡಿಸಲಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮಾಡಿಸಿ, ಆದರೆ ಹುಷಾರು. ಥಿನ್ನಿಂಗ್ ಕತ್ತರಿಯನ್ನು ಬುಡದ ಹತ್ತಿರ ಆಡಿಸಲು ಬಿಡಬೇಡಿ. ಅಲ್ಲಿ ತುಂಡಾದ ಕೂದಲು ನೆಟ್ಟಗೆ ನಿಂತು ಮೇಲಿನದನ್ನು ಎತ್ತುತ್ತದೆ. ಆಗ ದಪ್ಪ ಇನ್ನೂ ಜಾಸ್ತಿ ಕಾಣುತ್ತದೆ, ಅಲ್ವಾ? ಕಿವಿಯಿಂದ ಕೆಳಗೆ, ಒಳಪದರದಲ್ಲಿ ಮಾತ್ರ ತೆಗೆಸಿ. ಜೊತೆಗೆ ಉದ್ದನೆಯ ಲೇಯರ್, ಅಂದರೆ ಮೆಟ್ಟಿಲು ಮೆಟ್ಟಿಲಾದ ಕಟ್, ಕೇಳಿ. ಒಂದೇ ಸಮ ಕತ್ತರಿಸಿದರೆ ತುದಿ ಪೊರಕೆಯಾಗುತ್ತದೆ. ಗುಂಗುರು ಕೂದಲಾದರೆ ಥಿನ್ನಿಂಗ್ ಬೇಡವೇ ಬೇಡ.

ಉಬ್ಬುವುದು ಗಾಳಿಯ ತೇವಕ್ಕೆ. ಕಂಡಿಷನರ್ ಹಚ್ಚಿದಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ. ಒದ್ದೆ ತುದಿಗೆ ಎರಡು ಹನಿ ತೆಂಗಿನೆಣ್ಣೆ ಸವರಿ. ಒಣಗಿದ ಮೇಲೆ ಸುಮ್ನೆ ಬ್ರಷ್ ಆಡಿಸಬೇಡಿ. ನನ್ನ ಅಕ್ಕನ ಮಗಳಂತೂ ರಬ್ಬರ್ ಬ್ಯಾಂಡ್ ಬಿಟ್ಟು ಬಟ್ಟೆಯ ಸ್ಕ್ರಂಚಿ ಹಿಡಿದಿದ್ದಾಳೆ.