ಜಪಾನಿ ಶೈಲಿಯ ಪೋರ್ಕ್ ಓಟಿಜಿಯಲ್ಲಿ ಇಟ್ಟರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಎಲ್ಲಿ ತಪ್ಪುತ್ತಿದೆ?

ನೀವು ಬರೆದಿರುವುದು ಇದು: ಸೋಯಾ ಸಾಸ್, ಸಕ್ಕರೆ, ಜೇನುತುಪ್ಪ, ಶುಂಠಿ ಕಲಸಿ ಪೋರ್ಕ್ ತುಂಡನ್ನು ರಾತ್ರಿಯಿಡೀ ನೆನೆಸಿದ್ದೀರಿ. ಮಾರನೆ ದಿನ ಆ ಮಸಾಲೆ ಸಮೇತ ಓಟಿಜಿಯಲ್ಲಿ, ಅಂದರೆ ಕರೆಂಟಿನ ಸಣ್ಣ ಓವನ್‌ನಲ್ಲಿ, 220 ಡಿಗ್ರಿಗೆ 40 ನಿಮಿಷ ಇಟ್ಟಿದ್ದೀರಿ. ಮೇಲೆಲ್ಲ ಕರಕಲು, ಕೊಯ್ದು ನೋಡಿದರೆ ನಡುವೆ ಹಸಿ. ಈಗ ಒಂದು ಪ್ಯಾಕೆಟ್ ಬಿಳಿ ಮಿಸೊ (ಸೋಯಾ ಕಾಳನ್ನು ಹುಳಿ ಬರಿಸಿ ಮಾಡುವ ಜಪಾನಿನ ಉಪ್ಪುಪ್ಪು ಮುದ್ದೆ) ತಂದಿಟ್ಟುಕೊಂಡಿದ್ದೀರಿ, ಅದೂ ಹಾಳಾಗಬಾರದು ಅಂತ ಕೇಳಿದ್ದೀರಿ.

ಮೊದಲೇ ಉತ್ತರ ಹೇಳಿಬಿಡುತ್ತೇನೆ. ನೆನೆಸಿದ ಮಸಾಲೆಯನ್ನು ಬೆಂಕಿಗೆ ಹೋಗುವ ಮುಂಚೆ ಒರೆಸಿ ತೆಗೆಯಿರಿ. ಚೂರೂ ಉಳಿಸಬೇಡಿ. ಆಮೇಲೆ ಕಡಿಮೆ ಶಾಖದಲ್ಲಿ ನಿಧಾನವಾಗಿ ಬೇಯಿಸಿ. ಸಿಹಿ ಲೇಪ ಕೊನೆಯ ಎಂಟು ಹತ್ತು ನಿಮಿಷಕ್ಕೆ ಮಾತ್ರ.

ಇದು ನಮ್ಮ ಕೈಗೆ ಒಗ್ಗದ ಮಾತು ಅಂತ ಗೊತ್ತು. ನಾನು ವಿರಾಜಪೇಟೆ ಕಡೆಯವಳು, ಹಂದಿಮಾಂಸ ತಿಂದೇ ಬೆಳೆದವಳು. ನಮ್ಮಲ್ಲಿ ಮಸಾಲೆ ಅಂದರೆ ಮಾಂಸಕ್ಕೆ ಅಂಟಿಕೊಂಡೇ ಇರಬೇಕು. ಬಾಣಲೆಯ ತಳದಲ್ಲಿ ಉಳಿದದ್ದನ್ನೂ ಅನ್ನ ಹಾಕಿ ಒರೆಸಿ ತಿನ್ನುತ್ತೇವೆ. ಕೆಲಸದ ಮೇಲೆ ನಾಲ್ಕು ವರ್ಷ ಜಪಾನಿನ ನಗೊಯದಲ್ಲಿದ್ದಾಗ ನಾನೂ ಮೊದಲ ಸಲ ಮಿಸೊ ಸಮೇತ ಓವನ್‌ಗೆ ಇಟ್ಟೆ. ಕಾಲು ಗಂಟೆಗೆ ಮನೆ ತುಂಬ ಹೊಗೆ. ಪಕ್ಕದ ಮನೆಯ ಅಜ್ಜಿ ಬಂದು ನೋಡಿದರು, ಏನೂ ಅನ್ನಲಿಲ್ಲ. ಮಾರನೆ ವಾರ ತಮ್ಮ ಮನೆಗೆ ಕರೆದು ಮಾಡಿ ತೋರಿಸಿದರು.

ಅವರ ಕೈ ಇನ್ನೂ ಕಣ್ಣ ಮುಂದಿದೆ. ಫ್ರಿಜ್‌ನಿಂದ ಒಂದು ಡಬ್ಬಿ ತೆಗೆದರು. ಒಳಗೆ ಮಿಸೊ, ಅದರ ನಡುವೆ ತೆಳು ಬಟ್ಟೆಯಲ್ಲಿ ಸುತ್ತಿದ ಮಾಂಸ. ಬಟ್ಟೆ ಬಿಡಿಸಿದರೆ ಮಾಂಸದ ಮೇಲೆ ಮಿಸೊದ ಒಂದು ಚೂರೂ ಇಲ್ಲ. ಬಣ್ಣ ಮಾತ್ರ ಬದಲಾಗಿತ್ತು, ಜೇನಿನ ಹಾಗೆ ಸ್ವಲ್ಪ ಕಂದು. ಬೆರಳಲ್ಲಿ ಒತ್ತಿದರೆ ಹಸಿ ಮಾಂಸದ ಮೆತುವು ಹೋಗಿ ಬಿಗಿಯಾಗಿತ್ತು. ಒದ್ದೆ ಇದ್ದ ಕಡೆ ಕಾಗದದ ಟವೆಲ್‌ನಿಂದ ಒತ್ತಿ ಒತ್ತಿ ಒಣಗಿಸಿದರು. ಅಷ್ಟು ತಾಳ್ಮೆಯಿಂದ ಮಾಂಸ ಒರೆಸುವುದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಈ ಕ್ರಮಕ್ಕೆ ಅಲ್ಲಿ ಮಿಸೊಝುಕೆ ಅನ್ನುತ್ತಾರೆ, ಮಿಸೊದಲ್ಲಿ ಹೂತಿಟ್ಟದ್ದು ಅಂತ. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ, ಮೀನು ಕೆಡದ ಹಾಗೆ ಇಡುವ ದಾರಿ ಇದು. ಜಪಾನಿನಲ್ಲಿ ಮಾಂಸ ತಿನ್ನುವುದನ್ನು ಬಹಳ ಶತಮಾನ ಒಳ್ಳೆಯದು ಅಂತ ಎಣಿಸುತ್ತಿರಲಿಲ್ಲ. ಆಗಲೂ ಹಿಕೊನೆ ಸಂಸ್ಥಾನದವರು ಮಿಸೊದಲ್ಲಿಟ್ಟ ದನದ ಮಾಂಸವನ್ನು ಶೋಗನ್‌ಗೆ, ಅಂದರೆ ಆಗ ದೇಶ ಆಳುತ್ತಿದ್ದ ಸೇನಾಧಿಪತಿಗೆ, ಕಳಿಸುತ್ತಿದ್ದರು, ಮೈಗೆ ಬಲ ಕೊಡುವ ಔಷಧಿ ಎಂಬ ಹೆಸರಲ್ಲಿ. ಮೇಜಿ ಚಕ್ರವರ್ತಿ ಎಲ್ಲರಿಗೂ ತಿಳಿಯುವಂತೆ ದನದ ಮಾಂಸ ತಿಂದದ್ದು 1872ರಲ್ಲಿ. ಮಿಸೊದಲ್ಲಿಡುವ ಕ್ರಮ ಅದಕ್ಕಿಂತ ಎಷ್ಟೋ ಹಳೆಯದು.

ಈಗ ಯಾಕೆ ಸೀಯುತ್ತದೆ ಅಂತ ನೋಡಿ. ಮಿಸೊ ಅಂದರೆ ಬೇಯಿಸಿದ ಸೋಯಾ ಕಾಳು, ಉಪ್ಪು, ಮತ್ತೆ ಕೋಜಿ. ಕೋಜಿ ಅಂದರೆ ಅಕ್ಕಿ, ಬಾರ್ಲಿ ಅಥವಾ ಸೋಯಾ ಕಾಳಿನ ಮೇಲೆ ಬೆಳೆಸಿದ ಒಳ್ಳೆಯ ಬೂಷ್ಟು. ಅದು ಎರಡು ಕೆಲಸ ಮಾಡುತ್ತದೆ. ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಕಾಳಿನ ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಬೆಂದ ಮೇಲೆ ಮಾಂಸ ಮೆತ್ತಗಾಗುವುದೂ ಈ ಎರಡನೇ ಕೆಲಸದಿಂದಲೇ. ಆದರೆ ಸಕ್ಕರೆ ಮತ್ತು ಅಮೈನೋ ಆಮ್ಲ ಒಟ್ಟಿಗಿದ್ದರೆ 140 ಡಿಗ್ರಿ ದಾಟುತ್ತಲೇ ಬೇಗ ಬೇಗ ಕೆಂಪಾಗುತ್ತವೆ. ರೊಟ್ಟಿಯ ಮೇಲೆ ಬರುವ ಕೆಂಪು ಚುಕ್ಕೆ ಇದೆಯಲ್ಲ, ಅದೇ ಕ್ರಿಯೆ. 220 ಡಿಗ್ರಿಯಲ್ಲಿ ಅದು ಕೆಂಪಿನಲ್ಲಿ ನಿಲ್ಲುವುದಿಲ್ಲ, ನೇರ ಕರಿ. ನಿಮ್ಮದರಲ್ಲಿ ಮಿಸೊ ಇರಲಿಲ್ಲ, ಆದರೆ ಸಕ್ಕರೆಯೂ ಜೇನೂ ಎರಡೂ ಇತ್ತು, ಫಲ ಒಂದೇ. ಇನ್ನೊಂದು ವಿಷಯ. ಗೋಬಿ ಮಂಚೂರಿಗೆ ಹಾಕುವ ಕಪ್ಪು ಗಟ್ಟಿ ಡಾರ್ಕ್ ಸೋಯಾ ಸಾಸ್ ಬಳಸಿದ್ದರೆ ಅದು ಈ ಅಡುಗೆಗೆ ಹೊಂದುವುದಿಲ್ಲ. ಜಪಾನಿನ ಶೋಯು ತೆಳ್ಳಗಿರುತ್ತದೆ, ಸೋಯಾ ಮತ್ತು ಗೋಧಿ ಸೇರಿಸಿ ಹುಳಿ ಬರಿಸಿದ್ದು, ಅದರ ಪರಿಮಳವೇ ಬೇರೆ.

ಮಾಂಸದ ಆಯ್ಕೆಗೆ ಬನ್ನಿ. ಭುಜ ಅಥವಾ ಕುತ್ತಿಗೆ ಭಾಗ ಕೇಳಿ, 600 ಗ್ರಾಂನ ಒಂದೇ ತುಂಡು, ಆರು ಸೆಂಟಿಮೀಟರ್ ದಪ್ಪ ಇದ್ದರೆ ಸಾಕು. ಒಳಗೊಳಗೆ ನೆಣ ಹರಡಿರಬೇಕು, ಅದೇ ಮಾಂಸವನ್ನು ಒಣಗದಂತೆ ಕಾಯುವುದು. ಬೆನ್ನಿನ ಭಾಗ ನೋಡಲು ಚೆಂದ, ಓವನ್‌ನಲ್ಲಿ ಬೇಗ ಒಣಗುತ್ತದೆ. ನಮ್ಮ ಕಡೆ ಪೋರ್ಕ್ ತೊಗಲಿನ ಸಮೇತ ಸಿಗುತ್ತದೆ. ಪಂದಿ ಕರಿಗೆ ಆ ತೊಗಲು ಬೇಕೇ ಬೇಕು, ಆದರೆ ಇಲ್ಲಿ ಅದು ರಬ್ಬರಿನ ಹಾಗಾಗುತ್ತದೆ. ಜಪಾನಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ತೊಗಲು ತೆಗೆದೇ ಇಟ್ಟಿರುತ್ತಾರೆ. ನೀವೂ ತೆಗೆಸಿಕೊಳ್ಳಿ, ಕೆಳಗಿನ ನೆಣ ಮಾತ್ರ ಒಂದು ಬೆರಳ ತೆಳುವಿನಷ್ಟು ಉಳಿಯಲಿ.

ಮಿಸೊ 150 ಗ್ರಾಂ, ಮಿರಿನ್ ಮೂರು ದೊಡ್ಡ ಚಮಚ, ಸಕ್ಕರೆ ಒಂದು ದೊಡ್ಡ ಚಮಚ, ಶುಂಠಿ ರಸ ಒಂದು ಸಣ್ಣ ಚಮಚ. ಮಿರಿನ್ ಅಂದರೆ ಸಿಹಿಯಾದ ಅಕ್ಕಿ ಮದ್ಯ. ಸಿಗದಿದ್ದರೆ ಸಾಕೆ ಅನ್ನುವ ಜಪಾನಿನ ಅಕ್ಕಿ ಮದ್ಯ ಮೂರು ಪಾಲಿಗೆ ಸಕ್ಕರೆ ಒಂದು ಪಾಲು ಕರಗಿಸಿ ಹಾಕಿ. ಎಲ್ಲ ಕಲಸಿದರೆ ಗಟ್ಟಿ ದೋಸೆ ಹಿಟ್ಟಿನ ಹದ ಬರಬೇಕು. ಶುಂಠಿಯನ್ನು ಜಾಸ್ತಿ ಹಾಕಬೇಡಿ. ಹಸಿ ಶುಂಠಿಗೂ ಮಾಂಸ ಕರಗಿಸುವ ಗುಣ ಇದೆ, ಎರಡು ದಿನ ಇಟ್ಟರೆ ಮೇಲ್ಪದರ ಹಿಟ್ಟು ಹಿಟ್ಟಾಗುತ್ತದೆ. ಇದರಲ್ಲಿ ಮೂರು ಚಮಚ ಮೊದಲೇ ಬೇರೆ ಬಟ್ಟಲಿಗೆ ತೆಗೆದು ಫ್ರಿಜ್‌ನಲ್ಲಿಡಿ. ಕೊನೆಯ ಲೇಪಕ್ಕೆ ಅದು ಬೇಕು, ಹಸಿ ಮಾಂಸ ಅದಕ್ಕೆ ತಾಗಬಾರದು.

ಮಾಂಸಕ್ಕೆ ಚಿಟಿಕೆ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಡಿ. ಬಿಟ್ಟ ನೀರು ಒರೆಸಿ. ಪನೀರ್ ಸೋಸುವ ಬಟ್ಟೆಯ ಒಂದೇ ಸುತ್ತು ಸುತ್ತಿ, ಡಬ್ಬಿಯಲ್ಲಿ ಕೆಳಗೂ ಮೇಲೂ ಮಿಸೊ ಹಚ್ಚಿ ಮುಚ್ಚಿ ಫ್ರಿಜ್‌ನಲ್ಲಿಡಿ. ಎಷ್ಟು ದಿನ ಅನ್ನುವುದು ಮಿಸೊದ ಉಪ್ಪಿನ ಮೇಲೆ ಹೋಗುತ್ತದೆ. ಕ್ಯೋಟೊ ಕಡೆಯ ಸಿಹಿ ಬಿಳಿ ಮಿಸೊದಲ್ಲಿ ಉಪ್ಪು ನೂರಕ್ಕೆ 5-6 ಭಾಗದ ಆಸುಪಾಸು, ಅದರಲ್ಲಿ ಎರಡು ದಿನ ಇಡಬಹುದು. ಸಾಮಾನ್ಯ ಮಿಸೊದಲ್ಲಿ 12ರ ಹತ್ತಿರ ಇರುತ್ತದೆ, ಅದಕ್ಕೆ ಒಂದು ದಿನ ಸಾಕು. ಬಿಳಿ ಅಂತ ಬರೆದಿದ್ದರೂ ಉಪ್ಪು ಜಾಸ್ತಿ ಇರುವ ಮಿಸೊಗಳಿವೆ, ಆದ್ದರಿಂದ ನಾಲಿಗೆಗೆ ಹಚ್ಚಿ ನೋಡಿಯೇ ತೀರ್ಮಾನಿಸಿ. ಜಾಸ್ತಿ ದಿನ ಇಟ್ಟರೆ ಮಾಂಸದ ನೀರೆಲ್ಲ ಹೋಗಿ ಹ್ಯಾಮ್ ಆಗುತ್ತದೆ.

ನಗೊಯದ ಜನ ಕಡು ಕೆಂಪು ಮಿಸೊ ಪ್ರಿಯರು. ಹತ್ತಿರದ ಒಕಾಜಾಕಿಯಲ್ಲಿ ಸೋಯಾ ಕಾಳು, ಉಪ್ಪು, ನೀರಿನಿಂದಲೇ ಮಾಡುವ ಹಚ್ಚೊ ಮಿಸೊ ಇದೆ. ದೊಡ್ಡ ಮರದ ಪೀಪಾಯಿಯಲ್ಲಿ ತುಂಬಿ, ಮೇಲೆ ಗೋಪುರದ ಹಾಗೆ ಕಲ್ಲು ಪೇರಿಸಿ, ಎರಡು ಬೇಸಿಗೆ ಎರಡು ಚಳಿಗಾಲ ಬಿಡುತ್ತಾರೆ. ಅಜ್ಜಿ ಅದನ್ನು ಬಿಳಿ ಮಿಸೊ ಜೊತೆ ಬೆರೆಸುತ್ತಿದ್ದರು. ನಿಮಗೆ ಮೊದಲ ಸಲಕ್ಕೆ ಬರೀ ಬಿಳಿಯೇ ಸಾಕು.

ಓಟಿಜಿ ಸಣ್ಣ ಡಬ್ಬಿ. ಮೇಲಿನ ರಾಡ್ ಮಾಂಸದಿಂದ ನಾಲ್ಕು ಬೆರಳು ದೂರ ಇದ್ದರೆ ಹೆಚ್ಚು. ಹೊರಗೆ ಸೀಯಲು ಅರ್ಧ ಕಾರಣ ಅದೇ. 150 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ. ಮಾಂಸವನ್ನು ಒಂದು ಗಂಟೆ ಮುಂಚೆಯೇ ಬಟ್ಟೆಯಿಂದ ತೆಗೆದು, ಚೆನ್ನಾಗಿ ಒರೆಸಿ, ತಟ್ಟೆಯಲ್ಲಿ ಬಿಚ್ಚಿಟ್ಟು ಫ್ರಿಜ್‌ನಲ್ಲಿಡಿ, ಮೇಲ್ಮೈ ಒಣಗಲಿ. ಆಮೇಲೆ ಕೆಳಗಿನ ಅಂತಸ್ತಿನ ತಂತಿ ಜಾಲರಿಯ ಮೇಲೆ ನೆಣದ ಭಾಗ ಮೇಲೆ ಬರುವಂತೆ ಇಡಿ. ಅಡಿಯ ಟ್ರೇಗೆ ಒಂದು ಲೋಟ ನೀರು ಹಾಕಿ. ನೆಣ ಕರಗಿ ಬಿಸಿ ಟ್ರೇ ಮೇಲೆ ತೊಟ್ಟಿಕ್ಕಿದರೆ ಹೊಗೆ ಏಳುತ್ತದೆ, ನೀರಿದ್ದರೆ ಆ ಕಾಟ ಇಲ್ಲ. ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ. ಕೆಳಗಿನ ರಾಡ್ ಮಾತ್ರ ಉರಿಯಲಿ. ಐವತ್ತು ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ.

ಇಲ್ಲಿ ದಯವಿಟ್ಟು ಅಂದಾಜಿನ ಮೇಲೆ ಹೋಗಬೇಡಿ, ಮಾಂಸಕ್ಕೆ ಚುಚ್ಚುವ ಒಂದು ಥರ್ಮಾಮೀಟರ್ ತೆಗೆದುಕೊಳ್ಳಿ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಇಡೀ ತುಂಡಿಗೆ ಒಳಗೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿ ಸಾಕು, 2011ಕ್ಕೆ ಮುಂಚೆ ಅದು 71 ಇತ್ತು. ಜಪಾನಿನಲ್ಲಿ ಹೋಟೆಲುಗಳು ಹಸಿ ಹಂದಿಮಾಂಸ ಬಡಿಸುವುದನ್ನು 2015ರಲ್ಲಿ ನಿಷೇಧಿಸಿದರು. ನಮ್ಮಲ್ಲಿ ಹಂದಿ ಎಲ್ಲಿ ಬೆಳೆಯಿತು, ಏನು ತಿಂದಿತು ಅಂತ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅರೆಬೆಂದ ಪೋರ್ಕ್‌ನಿಂದ ಲಾಡಿಹುಳು ಬರುತ್ತದೆ, ಆ ಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ಮಿದುಳಿನವರೆಗೂ ತೊಂದರೆ ಮುಟ್ಟಬಹುದು. ಹಾಗಾಗಿ ನಾನು ಹಳೆಯ 71ಕ್ಕೇ ನಿಲ್ಲುತ್ತೇನೆ. ನೆಣ ಇರುವ ಭುಜದ ತುಂಡು ಆ ಶಾಖಕ್ಕೂ ರಸವತ್ತಾಗೇ ಇರುತ್ತದೆ. ಕೊಳ್ಳುವಾಗಲೇ ಮಾಂಸದಲ್ಲಿ ಬೆಂದ ಸಬ್ಬಕ್ಕಿಯಂಥ ಬಿಳಿ ಗುಳ್ಳೆ ಕಂಡರೆ ಆ ಅಂಗಡಿಯಿಂದ ವಾಪಸ್ ಬಂದುಬಿಡಿ.

ನಡುವಿನಲ್ಲಿ 63-65 ತೋರಿಸಿದಾಗ ಫಾಯಿಲ್ ತೆಗೆಯಿರಿ, ಎರಡೂ ರಾಡ್ ಹಾಕಿ 200 ಡಿಗ್ರಿಗೆ ಏರಿಸಿ. ಮೊದಲೇ ತೆಗೆದಿಟ್ಟ ಮೂರು ಚಮಚ ಮಿಸೊಗೆ ಒಂದು ಚಮಚ ಮಿರಿನ್ ಸೇರಿಸಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಕುದಿಸಿ, ಬ್ರಷ್‌ನಲ್ಲಿ ತೆಳ್ಳಗೆ ಬಳಿಯಿರಿ. ನಾಲ್ಕು ನಿಮಿಷಕ್ಕೆ ಇನ್ನೊಮ್ಮೆ. ಇಲ್ಲಿಂದ ಓಟಿಜಿ ಮುಂದೆ ನಿಂತಿರಬೇಕು, ಫೋನ್ ಬಂದರೂ ಎತ್ತಬೇಡಿ. ಅಂಚುಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು, ಬೆಲ್ಲದ ಪಾಕ ಹದ ಬಂದಾಗಿನ ವಾಸನೆ ಬರುತ್ತದೆ. ಎಂಟು ನಿಮಿಷ ಆದಾಗ ಮತ್ತೆ ಚುಚ್ಚಿ ನೋಡಿ. 71 ಮುಟ್ಟಿದ್ದರೆ ಹೊರಗೆ ತೆಗೆಯಿರಿ, ಮುಟ್ಟಿಲ್ಲದಿದ್ದರೆ ಫಾಯಿಲ್ ಮುಚ್ಚಿ ಇನ್ನೂ ಸ್ವಲ್ಪ ಹೊತ್ತು ಬಿಡಿ. ನಮ್ಮ ಪಂದಿ ಕರಿಯಲ್ಲೂ ಕಾಚಂಪುಳಿ ಅನ್ನುವ ಕಪ್ಪು ಹುಳಿ ಕೊನೆಗೇ ಬೀಳುವುದು, ಅಲ್ವಾ? ಅದರ ಹಾಗೇ ಈ ಲೇಪಕ್ಕೂ ಜಾಗ ಕೊನೆಯಲ್ಲೇ.

ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಆಮೇಲೆ ಎಳೆಗೆ ಅಡ್ಡಲಾಗಿ ಪೆನ್ಸಿಲ್ ದಪ್ಪಕ್ಕೆ ಕೊಯ್ಯಿರಿ. ಬಿಸಿ ಅನ್ನ, ಕೂದಲೆಳೆಯಂತೆ ಹೆಚ್ಚಿದ ಹಸಿ ಕೋಸು, ಸ್ವಲ್ಪ ಸಾಸಿವೆ. ಇಷ್ಟೇ ಊಟ.

ಡಬ್ಬಿಯಲ್ಲಿ ಉಳಿದ ಮಿಸೊ ಎಸೆಯಬೇಡಿ, ಆದರೆ ಹಸಿಯಾಗಿ ತಿನ್ನಲೂ ಬೇಡಿ, ಅದರಲ್ಲಿ ಹಸಿ ಮಾಂಸದ ರಸ ಇದೆ. ಅಜ್ಜಿ ಬದನೆಕಾಯಿಯನ್ನು ಎಣ್ಣೆಯಲ್ಲಿ ಮೆತ್ತಗೆ ಹುರಿದು, ಈ ಮಿಸೊಗೆ ಸ್ವಲ್ಪ ನೀರು ಸೇರಿಸಿ ಸುರಿದು, ಕೊತಕೊತ ಕುದಿಸಿ ಪಲ್ಯ ಮಾಡುತ್ತಿದ್ದರು. ಈರನಗೆರೆ ಬದನೆ ಸಿಕ್ಕರೆ ಅದರಲ್ಲಿ ಮಾಡಿ ನೋಡಿ.

ನಿಮ್ಮ ಓಟಿಜಿ ಎಷ್ಟು ಲೀಟರಿನದು, ಮೇಲಿನ ರಾಡ್ ಬೇರೆಯಾಗಿ ಆರಿಸಲು ಬರುತ್ತದಾ ಅಂತ ಕೆಳಗೆ ಬರೆಯಿರಿ. ಬರದಿದ್ದರೆ ಫಾಯಿಲನ್ನು ಎರಡು ಪದರ ಮಾಡಿ, ಸಮಯವನ್ನು ಹೇಗೆ ಬದಲಿಸಬೇಕು ಅಂತ ಹೇಳುತ್ತೇನೆ.